ವೈಜಿನಾಥ ಸರ್ ಬಾಟಲಿ

ಮೊನ್ನೆ ಬೀದರಿನ ಒಂದು ರಕ್ತಪರೀಕ್ಷೆಯ ಲ್ಯಾಬಿನ ಹೊರಗೆ, ಸಾಲಾಗಿಟ್ಟ ಕುರ್ಚಿಗಳಲ್ಲೊಂದರ ಮೇಲೆ, ಖಾಲಿ ಹೊಟ್ಟೆಯಲ್ಲಿ ಕೂತಿದ್ದೆ. ಬಿಳಿ ಕೋಟಿನ ಹುಡುಗಿಯೊಬ್ಬಳು ಒಳಗಿನಿಂದ ಬಂದು, ಒಂದು ಪುಟ್ಟ ಪ್ಲಾಸ್ಟಿಕ್ ಬಾಟಲಿಯನ್ನು ಎಲ್ಲರಿಗೂ ಕಾಣುವಂತೆ ಬೆಳಕಿಗೆ ಎತ್ತಿ ಹಿಡಿದು, "ಇದರ ಮ್ಯಾಲ ಹೆಸರಿಲ್ರಿ. ಯಾರದಿದು?" ಎಂದು ಕೇಳಿದಳು.

ನೀವೂ ಇಂಥ ಜಾಗದಲ್ಲಿ ಕೂತವರಾದರೆ ನಿಮಗೆ ಗೊತ್ತಿರುತ್ತದೆ, ಆ ಪ್ರಶ್ನೆಗೆ ಯಾರೂ ಉತ್ತರ ಕೊಡುವುದಿಲ್ಲ. ಇದ್ದವರೆಲ್ಲ ಒಮ್ಮೆಲೇ ಬೇರೆ ಬೇರೆ ದಿಕ್ಕಿಗೆ ಮುಖ ತಿರುಗಿಸಿದರು. ನನ್ನ ಪಕ್ಕದ ರುಮಾಲಿನ ಮುದುಕರು ಚಪ್ಪಲಿ ನೋಡಿಕೊಂಡರು. ನಾನು ಎದುರಿನ ಗೋಡೆಯ ಮೇಲಿದ್ದ ಹಣ್ಣುಗಳ ಪಟ ಓದತೊಡಗಿದೆ. ಸಕ್ಕರೆ ಕಾಯಿಲೆಯವರು ಯಾವ ಹಣ್ಣು ತಿನ್ನಬಹುದು, ಯಾವುದು ಕೂಡದು ಎಂದು ಅದರಲ್ಲಿತ್ತು. ಸೀತಾಫಲದ ಮೇಲೆ ಕೆಂಪು ಗೀಟು ಎಳೆದಿದ್ದರು. ಬಾಟಲಿ ನನ್ನದೇ. ಹೆಸರು ಬರೆಯಲು ಕೊಟ್ಟ ಪೆನ್ನು ಮೂಡಲಿಲ್ಲ, ಬಾಟಲಿ ಕೈಯಲ್ಲಿ ಹಿಡಿದು ಇನ್ನೊಂದು ಪೆನ್ನು ಕೇಳಲು ನಾಚಿಕೆಯಾಯಿತು, ಹಾಗೇ ಕಿಟಕಿಯಲ್ಲಿಟ್ಟು ಬಂದಿದ್ದೆ. ಮಾತಾಡಲು ಕೂತರೆ ಯಾರಿಗೂ ಬಿಟ್ಟುಕೊಡದ ಮನುಷ್ಯ ನಾನು. ಆದರೆ 'ನನ್ನದು' ಎನ್ನುವ ಬದಲು ಪಟದ ಮುಂದಿನ ಹಣ್ಣಿಗೆ ಹೋದೆ. ಹುಡುಗಿ ಗೊಣಗುತ್ತ ಒಳಗೆ ಹೋದಳು. ಬಾಗಿಲು ಮುಚ್ಚಿಕೊಳ್ಳುವಾಗ ಒಳಗಿನ ಸ್ಪಿರಿಟ್ಟಿನ ವಾಸನೆ ಹೊರಗೆ ಬಂತು.

ಆ ವಾಸನೆಗೆ ನಾನು ಬೀದರಿನಲ್ಲಿ ಉಳಿಯಲಿಲ್ಲ. ಸೀದಾ ಭಾಲ್ಕಿಗೆ ಹೋದೆ, ನಮ್ಮ ಕಾಲೇಜಿನ ತಗಡಿನ ಛಾವಣಿಯ ಪ್ರಯೋಗಶಾಲೆಗೆ, ವೈಜಿನಾಥ ಸರ್ ಎದುರಿಗೆ.

ಅದು ಬರದ ವರ್ಷ. ಮುಂಗಾರು ಬರಲೇ ಇಲ್ಲ, ಹಿಂಗಾರು ಬಂದಂತೆ ಮಾಡಿ ಹಾಗೇ ಹೋಯಿತು. ದೀಪಾವಳಿ ಮುಗಿಯುವ ಹೊತ್ತಿಗೆ ಜನ ಹಾಸಿಗೆ, ರೊಟ್ಟಿ ಹಂಚು, ಮಕ್ಕಳನ್ನು ಕಟ್ಟಿಕೊಂಡು ಹೈದರಾಬಾದಿನ ಬಸ್ಸು, ಪುಣೆಯ ರೈಲು ಹತ್ತುತ್ತಿದ್ದರು. ನಮ್ಮ ತರಗತಿಯ ಬೆಂಚುಗಳು ಹಲ್ಲು ಉದುರಿದ ಬಾಯಿಯಂತಾದವು. ವೈಜಿನಾಥ ಸರ್ ಹಾಜರಿ ಕೂಗುವಾಗ ಒಂದು ಹೆಸರು ಕರೆದರೆ ಯಾರೋ ಹಿಂದಿನಿಂದ "ಹೈದರಾಬಾದ್ರಿ" ಎನ್ನುತ್ತಿದ್ದರು. ಇನ್ನೊಂದಕ್ಕೆ "ಪುಣಾರಿ." ಸರ್ ತಲೆ ಎತ್ತದೆ, "ಇಲ್ಲಿ ಇದ್ದವರು ಒಬ್ಬರರ ಅದೀರೇನು?" ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಆ ವಯಸ್ಸಿಗೆ ಯಾವುದಕ್ಕೆ ನಗಬಾರದು ಎಂದು ಯಾರಾದರೂ ಹೇಳಿಕೊಡಬೇಕು, ಹೇಳಿಕೊಡುವವರೇ ಊರು ಬಿಟ್ಟಿದ್ದರು.

ಸರ್ ನಮಗೆ ಜೀವಶಾಸ್ತ್ರ ಕಲಿಸುತ್ತಿದ್ದರು. ಔರಾದ ಕಡೆಯ ಚಿಂತಾಕಿಯವರು. ದುಂಡಗಿನ ಮೈ, ಇಸ್ತ್ರಿ ಮಾಡಿದ ಅಂಗಿ, ಬೋರ್ಡಿನ ಮೇಲೆ ಕಪ್ಪೆಯ ಹೃದಯ ಬರೆದರೆ ಅದು ಈಗ ಬಡಿಯುತ್ತದೆ ಎನ್ನಿಸುವಂಥ ಕೈ. ಶಿಸ್ತಿನ ಮನುಷ್ಯ. ಆದರೆ ಆ ವರ್ಷ ಅವರಿಗೊಂದು ಕೆಟ್ಟ ಚಟ ಅಂಟಿತ್ತು. ನೀರು ಕುಡಿಯುವುದು. ಊರಿಗೆ ಊರೇ ಟ್ಯಾಂಕರ್ ಹಿಂದೆ ಕೊಡ ಹಿಡಿದು ಓಡುತ್ತಿದ್ದಾಗ ಈ ಮಹಾಶಯರು ತಂದ ಬಾಟಲಿ ಮೊದಲ ಪಿರಿಯಡ್ಡಿನಲ್ಲೇ ಮುಗಿಸಿ, ಆಮೇಲೆ ನಮ್ಮ ಬೆಂಚುಗಳ ಕಡೆ ಬಂದು, "ಒಂದ್ ಗುಟುಕು ಕೊಡಪಾ" ಎನ್ನುತ್ತಿದ್ದರು. ಒಂದು ಗುಟುಕು ಎಂದರೆ ಅವರ ಲೆಕ್ಕದಲ್ಲಿ ಅರ್ಧ ಬಾಟಲಿ. ಕುಡಿದ ಮೇಲೆ ಹೊರಗೆ ಹೋಗಬೇಕಲ್ಲ? ಶೌಚಾಲಯಕ್ಕೆ ನೀರಿಲ್ಲದೆ ಬೀಗ ಬಿದ್ದಿತ್ತು. ಸರ್ ಪಾಠದ ನಡುವೆ ಎದ್ದು ಪ್ರಯೋಗಶಾಲೆಯ ಹಿಂದಿನ ಗೋಡೆಯ ಮರೆಗೆ ಹೋಗಿ ಬರುತ್ತಿದ್ದರು. ನಾವು ಅವರಿಗೆ 'ಟ್ಯಾಂಕರ್' ಎಂದು ಹೆಸರಿಟ್ಟಿದ್ದೆವು. ತುಂಬುವುದೂ ಅವರೇ, ಖಾಲಿ ಮಾಡುವುದೂ ಅವರೇ.

ಪ್ರಯೋಗಗಳೆಂದರೆ ನಮಗೆ ಹಬ್ಬ. ಹಣ್ಣಿನಲ್ಲಿ ಸಕ್ಕರೆ, ಪಿಷ್ಟ ಇದೆಯೇ ಎಂದು ನೋಡುವ ದಿನ ಸರ್ ಬೀದರಿನಿಂದ ಚೀಲದಲ್ಲಿ ಪೇರಲಹಣ್ಣು, ನಿಂಬೆಯಷ್ಟಾಗಿ ಸೊರಗಿದ ಸೀತಾಫಲ, ಒಂದು ಬಾಳೆಕಾಯಿ ತಂದಿಟ್ಟು ಹಿಂದಿನ ಗೋಡೆಗೆ ಹೋದರು. ಬರುವಷ್ಟರಲ್ಲಿ ಬಾಳೆಕಾಯಿ ಮಾತ್ರ ಉಳಿದಿತ್ತು. ಯಾರೂ ಕಳ್ಳರಲ್ಲ. ಆ ವರ್ಷ ಹಣ್ಣು ಕಂಡವರು ಯಾರು? ಸರ್ ಸಿಟ್ಟಿಗೇಳಲಿಲ್ಲ. ಮೇಜಿನ ಮೇಲೆ ಉಳಿದ ಸೀತಾಫಲದ ಕರಿ ಬೀಜಗಳನ್ನು ನೋಡಿ, "ಸಕ್ಕರಿ ಅದ ಅಂತ ನಿಮಗ ಗೊತ್ತಾಗ್ಯದ. ಇನ್ನ ಬರಕೋರಿ" ಎಂದರು. ಬಾಳೆಕಾಯಿಯ ಹೋಳಿಗೆ ಅಯೋಡಿನ್ ಹಾಕಿ ಅದು ಕಪ್ಪುನೀಲಿಯಾದದ್ದನ್ನು ಎಲ್ಲರಿಗೂ ತೋರಿಸಿದರು. ಅಯೋಡಿನ್ ಹಾಕದ ಅರ್ಧವೂ ಸಂಜೆಯೊಳಗೆ ಮಾಯವಾಯಿತು.

ಜೊಲ್ಲಿನ ಪ್ರಯೋಗ ಇನ್ನೂ ಚೆನ್ನಾಗಿತ್ತು. ರೊಟ್ಟಿಯ ಪಿಷ್ಟವನ್ನು ನಮ್ಮ ಜೊಲ್ಲು ಸಕ್ಕರೆ ಮಾಡುತ್ತದೆ ಎಂದು ತೋರಿಸಲು ಗಾಜಿನ ಪ್ರನಾಳದಲ್ಲಿ ಉಗುಳಬೇಕು. ನಾವು ಎಷ್ಟು ಕ್ಯಾಕರಿಸಿದರೂ ಒಣಗಿದ ಬಾಯಲ್ಲಿ ಉಗುಳು ಬರಲಿಲ್ಲ. ಆಗ ಅಟೆಂಡರ್ ಗುಂಡಪ್ಪ ಒಂದು ಹುಣಸೆಹಣ್ಣಿನ ಉಂಡೆ ತಂದು, ಉಪ್ಪು ಖಾರ ಹಚ್ಚಿ, ನಮ್ಮೆದುರು ನಿಂತು ಚಪ್ಪರಿಸಿ ಚಪ್ಪರಿಸಿ ನೆಕ್ಕತೊಡಗಿದ. ಪ್ರನಾಳಗಳೆಲ್ಲ ತುಂಬಿದವು.

ಇನ್ನು ಇರುವೆಗಳ ವಿಷಯ. ಪೌಷ ಮಾಸದಲ್ಲೋ ಮಾಘದಲ್ಲೋ ಪ್ರಯೋಗಶಾಲೆಯ ಹಿಂದಿನ ಗೋಡೆಯ ಬುಡದಲ್ಲಿ ಇರುವೆ ಎದ್ದವು. ಸಾಲು ಸಾಲು, ಕೆಂಪು, ಕರಿ, ಎರಡೂ ಜಾತಿ. ನಮ್ಮ ಕಡೆ ಇರುವೆ ಸಾಲುಗಟ್ಟಿ ಎದ್ದರೆ ಮಳೆಯಾಗುತ್ತದೆಂದು ನಂಬಿಕೆ. ಗುಂಡಪ್ಪ ಕೂಗುತ್ತ ಬಂದ, "ಇರುವಿ ಎದ್ದಾವ್ರಿ, ಮಳಿ ಬರ್ತದ!" ಮಳೆಗಾಲ ಇನ್ನೂ ಎಲ್ಲಿಯೋ ಇತ್ತು, ಆದರೆ ಅಂಥ ಪ್ರಶ್ನೆ ಕೇಳುವ ಸ್ಥಿತಿಯಲ್ಲಿ ಯಾರಿದ್ದರು? ಸುದ್ದಿ ಊರಿಗೆ ಹಬ್ಬಿತು. ಮುದುಕರು ಬಂದು ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಇರುವೆಗಳನ್ನು ನೋಡಿ, ಆಕಾಶ ನೋಡಿ, ತಲೆದೂಗಿ ಹೋದರು. ಒಬ್ಬ ಮುದುಕಿ ಅರಿಶಿನ ಕುಂಕುಮ ಹಾಕಿದಳು. ಹೈದರಾಬಾದಿಗೆ ಗಂಟು ಕಟ್ಟಿದವರು ಒಂದು ವಾರ ತಡೆದು ನೋಡೋಣ ಎಂದರು. ಸರ್ ಕೂಡ ಕನ್ನಡಕ ಮೇಲೇರಿಸಿ ನೋಡಿ, "ಪ್ರಾಣಿಗೋಳಿಗಿ ನಮಗಿಂತ ಮೊದಲ ತಿಳೀತದ" ಎಂದು ಜೀವಶಾಸ್ತ್ರದ ಮುದ್ರೆ ಒತ್ತಿದರು. ಹಾಗೆಂದು ಹೇಳಿ, ಇರುವೆಗಳಿಗೆ ತೊಂದರೆಯಾಗದಂತೆ ಎರಡು ಹೆಜ್ಜೆ ಆಚೆ ಹೋಗಿ ನಿಂತರು. ಮರುದಿನ ಇರುವೆಗಳೂ ಎರಡು ಹೆಜ್ಜೆ ಆಚೆ ಬಂದಿದ್ದವು.

ನಿಮಗೆ ಈಗಾಗಲೇ ಹೊಳೆದಿರಬೇಕು. ನಮಗೆ ಹೊಳೆಯಲಿಲ್ಲ. ಮಳೆಯೇ ಬೇಕಾದವನಿಗೆ ಬೇರೆ ಅರ್ಥ ಎಲ್ಲಿ ಕಾಣುತ್ತದೆ?

ಶಿವರಾತ್ರಿಯ ಆಸುಪಾಸಿಗೆ ಪ್ರಾಯೋಗಿಕ ಪರೀಕ್ಷೆ ಬಂತು. ಅದರಲ್ಲಿ ಮೂತ್ರ ಪರೀಕ್ಷೆ ಒಂದು. ಸಕ್ಕರೆ ಇದೆಯೋ ಇಲ್ಲವೋ ಹೇಳಬೇಕು. ನೀಲಿ ಬಣ್ಣದ ಬೆನೆಡಿಕ್ಟ್ ದ್ರಾವಣಕ್ಕೆ ಕೆಲವು ಹನಿ ಮೂತ್ರ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸಿದರೆ, ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗೇ ಇರುತ್ತದೆ, ಇದ್ದರೆ ಹಸಿರು, ಹಳದಿಯಾಗಿ ಕೊನೆಗೆ ಇಟ್ಟಿಗೆಯ ಕೆಂಪಿಗೆ ತಿರುಗುತ್ತದೆ. ಪ್ರತಿ ವರ್ಷ ಈ ಮೂತ್ರವನ್ನು ಗುಂಡಪ್ಪನೇ ತಯಾರಿಸುತ್ತಿದ್ದ. ನೀರಿಗೆ ಹೊಲಕ್ಕೆ ಹಾಕುವ ಯೂರಿಯಾ ಒಂದು ಚಿಟಿಕೆ, ಬಣ್ಣಕ್ಕೆ ಎರಡು ಹನಿ ಚಹಾದ ಡಿಕಾಕ್ಷನ್. ಆ ವರ್ಷ ಟ್ಯಾಂಕರಿನ ನೀರು ಎಂಥದಿತ್ತೆಂದರೆ, ಏನೂ ಹಾಕದೆಯೇ ಅದು ಮೂತ್ರದಂತೆ ಕಾಣುತ್ತಿತ್ತು, ಆದರೆ ಕುಡಿಯಲಿಕ್ಕೇ ಸಾಲುತ್ತಿರಲಿಲ್ಲ. ಸರ್ ಯೋಚಿಸಿ, ಸುಳ್ಳು ಮೂತ್ರ ಮಾಡಲು ನೀರು ಹುಡುಕುವ ಬದಲು ಖರೆ ಮೂತ್ರವೇ ಸಾಕು ಎಂದು, ಪರೀಕ್ಷೆಯ ದಿನ ಬೆಳಗ್ಗೆ ಬಾಟಲಿಯೊಂದನ್ನು ತಾವೇ ತುಂಬಿ ಇಟ್ಟರು. ತಮ್ಮಂಥ ಗಟ್ಟಿ ಮನುಷ್ಯನದು ಸಕ್ಕರೆ ಇಲ್ಲದ್ದೇ ಆಗಿರುತ್ತದೆ ಎಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಬೀದರಿನಿಂದ ಬಂದ ಪರೀಕ್ಷಕಿ ಶಕುಂತಲಾ ಮೇಡಂಗೂ ಹಾಗೇ ಹೇಳಿದರು, "ಸ್ಯಾಂಪಲ್ ನಾರ್ಮಲ್ ಅದ ರೀ."

ಈ ರಹಸ್ಯ ಬೆಳಗಿನ ಚಹಾದ ಅಂಗಡಿಯಲ್ಲೇ ಗುಂಡಪ್ಪನ ಬಾಯಿಂದ ನಮಗೆಲ್ಲ ತಿಳಿದಿತ್ತು. "ಸರ್ ಉಚ್ಚಿ ಅದ. ಏನೂ ಇಲ್ಲ ಅಂತ ಬರದು ಸುಮ್ಮ ಎದ್ದು ಬರ್ರಿ." ಅಷ್ಟು ಹೇಳಿದ ಮೇಲೆ ಅದನ್ನು ಮುಟ್ಟುವವರು ಯಾರು? ನಮ್ಮ ನಮ್ಮ ಪಾಲಿಗೆ ಬಂದದ್ದನ್ನು ಮೇಡಂ ಆ ಕಡೆ ತಿರುಗಿದಾಗ ತೊಟ್ಟಿಗೆ ಚೆಲ್ಲಿ, ನಮ್ಮ ಬಾಟಲಿಗಳ ನೀರು ಎರಡು ಹನಿ ಹಾಕಿ ಕಾಯಿಸಿದೆವು. ನೀಲಿ ನೀಲಿಯಾಗೇ ಉಳಿಯಿತು. 'ಸಕ್ಕರೆ ಇಲ್ಲ' ಎಂದು ಅಂದವಾಗಿ ಬರೆದೆವು. ವಿಜ್ಞಾನದಲ್ಲಿ ನನಗೆ ಅಷ್ಟು ನೆಮ್ಮದಿ ಮುಂದೆಂದೂ ಸಿಗಲಿಲ್ಲ.

ಚಹಾದಂಗಡಿಗೆ ಬಾರದವಳು ಒಬ್ಬಳೇ, ಪಂಚಶೀಲಾ. ಖಟಕ ಚಿಂಚೋಳಿಯಿಂದ ಬಸ್ಸಿಗೆ ಬರುತ್ತಿದ್ದಳು. ಅವಳ ಅಪ್ಪ ಅವ್ವ ಆಗಲೇ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಇವಳು ಅಜ್ಜಿಯ ಜೊತೆ ಉಳಿದದ್ದು ಒಂದೇ ಕರಾರಿನ ಮೇಲೆ. ಪಾಸಾದರೆ ನರ್ಸಿಂಗ್, ಇಲ್ಲದಿದ್ದರೆ ಅವಳೂ ಬಂದು ಇಟ್ಟಿಗೆ ಹೊರಬೇಕು. ಇದು ನಮಗೆಲ್ಲ ಗೊತ್ತಿತ್ತು, ಯಾಕೆಂದರೆ ಅವಳೇ ಎಲ್ಲರಿಗೂ ಹೇಳಿದ್ದಳು, ಯಾರ ಮುಲಾಜೂ ಇಲ್ಲದೆ. ಆ ದಿನ ಬಸ್ಸಿನ ಮೇಲೆ ಗುಳೆ ಹೊರಟವರ ಗಂಟುಗಳನ್ನು ಏರಿಸುತ್ತ ಏರಿಸುತ್ತ ತಡವಾಗಿ, ಅವಳು ಏದುಸಿರು ಬಿಡುತ್ತ ಬಂದದ್ದು ಪರೀಕ್ಷೆ ಶುರುವಾದ ಮೇಲೆ. ಪಾಪ, ಅವಳಿಗೆ ಏನೂ ಗೊತ್ತಿರಲಿಲ್ಲ. ಹಾಗಾಗಿ ಅವಳು ಪ್ರಯೋಗ ಮಾಡಿದಳು.

ಅವಳ ಪ್ರನಾಳ ಇಟ್ಟಿಗೆಯ ಕೆಂಪಾಯಿತು.

ಸರ್ ಹತ್ತಿರ ಬಂದು ನೋಡಿ, "ನಳಿಕಿ ತೊಳದಿದ್ದಿಲ್ಲ ಕಾಣ್ತದ. ಮತ್ತೊಮ್ಮಿ ಮಾಡವ್ವಾ" ಎಂದರು. ಅವಳು ಮತ್ತೊಮ್ಮೆ ಮಾಡಿದಳು. ಮತ್ತೂ ಕೆಂಪಾಯಿತು. ಅಷ್ಟರಲ್ಲಿ ಮೇಡಂ ಬಂದರು. ಬೆಂಚಿನುದ್ದಕ್ಕೂ ನೀಲಿ, ಇದೊಂದೇ ಕೆಂಪು.

"ಎಲ್ಲಾರ್ದೂ ಬರೋಬರ್ ಅದ, ನಿಂದೊಂದೇ ಯಾಕ ಹಿಂಗ?" ಎಂದು ಮೇಡಂ ಕೇಳಿದರು. ಆಮೇಲೆ ಅವರ ಕಣ್ಣು ಅವಳ ಬೆಂಚಿನ ಪಕ್ಕದ ಕಪಾಟಿನಲ್ಲಿದ್ದ ಗ್ಲುಕೋಸ್ ಡಬ್ಬಿಯ ಮೇಲೆ ಬಿತ್ತು. "ಇದನ್ನ ಹಾಕೀ ಏನು? ಪರೀಕ್ಷಾದಾಗ ಮಸ್ಕಿರಿ ಮಾಡ್ತೀ?"

"ಇಲ್ರಿ ಮೇಡಂ."

"ಹಂಗಾದ್ರ ಸಕ್ಕರಿ ಇಲ್ಲ ಅಂತ ಬರಿ. ಇಲ್ಲಂದ್ರ ನಾ ನಕಲು ಅಂತ ರಿಪೋರ್ಟ್ ಬರೀತೀನಿ. ಈ ವರ್ಷ ಮುಗೀತು ನಿಂದು."

ಬರೆದುಬಿಡೇ ಮಾರಾಯ್ತಿ ಎಂದು ನಾವೆಲ್ಲ ಕಣ್ಣಲ್ಲೇ ಹೇಳಿದೆವು. ಪಂಚಶೀಲಾ ಪ್ರನಾಳವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅದನ್ನು ಮೇಡಂ ಎದುರಿಗೆ ಎತ್ತಿದಳು. "ಕೆಂಪ ಕಂಡೀನ್ರಿ. ಕಂಡದ್ದು ಇಲ್ಲ ಅಂತ ಹ್ಯಾಂಗ ಬರೀಲ್ರಿ?"

ಮೇಡಂ ಕುರ್ಚಿಯ ಕಡೆ ನಡೆದರು, ಪೆನ್ನಿನ ಟೋಪಿ ತೆಗೆದರು. ವೈಜಿನಾಥ ಸರ್ ಅಲ್ಲೇ ನಿಂತಿದ್ದರು. ಅವರು ಒಮ್ಮೆ ಪ್ರನಾಳ ನೋಡಿದರು, ಒಮ್ಮೆ ಖಾಲಿಯಾದ ತಮ್ಮ ನೀರಿನ ಬಾಟಲಿ ನೋಡಿದರು. ಆಮೇಲೆ ಕಿಟಕಿಯಾಚೆಗೆ, ಹಿಂದಿನ ಗೋಡೆಯ ಕಡೆ ನೋಡಿದರು. ಸುಮ್ಮನಿದ್ದಿದ್ದರೆ ಯಾರೂ ಅವರನ್ನು ಏನೂ ಕೇಳುತ್ತಿರಲಿಲ್ಲ. ಪಾಠದಲ್ಲಿ ಗರ್ಭಕೋಶ ಎಂಬ ಪದ ಬಂದರೆ ಕಿವಿಯವರೆಗೆ ಕೆಂಪಾಗುತ್ತಿದ್ದ ಮನುಷ್ಯ ಅವರು. ಎದುರಿಗೆ ಪರಸ್ಥಳದ ಹೆಣ್ಣುಮಗಳು, ಸುತ್ತ ನಮ್ಮಂಥ ಉಡಾಳರು.

"ಹುಡುಗಿದು ಖರೆ ಅದ ರೀ ಮೇಡಂ," ಎಂದರು ಸರ್. "ಆ ಬಾಟಲಿ ನಂದು."

"ನಿಮ್ಮದಂದ್ರ? ಕಾಲೇಜಿಂದಲ್ಲೇನ್ರಿ?"

"ಬಾಟಲಿ ಕಾಲೇಜಿಂದು ರೀ," ಎಂದು ಸರ್ ನೆಲ ನೋಡುತ್ತ ಹೇಳಿದರು. "ಒಳಗಿಂದು ನಂದು."

ಯಾರೋ ಕಿಸಕ್ಕನೆ ನಕ್ಕರು, ನಾನೇ ಇರಬೇಕು. ಮೇಡಂ ಪೆನ್ನು ಕೆಳಗಿಟ್ಟರು. ಅವರ ದನಿ ಒಮ್ಮೆಲೇ ಮೆತ್ತಗಾಯಿತು. "ನಿಮಗ ಬಾಳ ನೀರಡಕಿ ಆಗ್ತದೇನ್ರಿ ಸರ್?" ಸರ್ ತಲೆಯಾಡಿಸಿದರು. "ಗಾಯ ಜಲ್ದಿ ಮಾಯಂಗಿಲ್ಲೇನು?" ಸರ್ ಚಪ್ಪಲಿಯಿಂದ ಬಲಗಾಲನ್ನು ಹೊರಗೆ ತೆಗೆದರು. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ದಸರೆಯಿಂದಲೂ ಹಾಗೇ ಇದೆ ಎಂದರು.

ಬಾಗಿಲಲ್ಲಿ ನಿಂತಿದ್ದ ಗುಂಡಪ್ಪನಿಗೆ ಆಗ ಹೊಳೆಯಿತು. "ಅಂದ್ರ ಸರ್," ಎಂದ ಅಳುವ ದನಿಯಲ್ಲಿ, "ಆ ಇರುವಿ ಮಳಿಗಿ ಬಂದಿದ್ದಲ್ಲೇನ್ರಿ?"

ನಿಜ ಹೇಳುತ್ತೇನೆ, ಸರ್‌ಗೆ ಕಾಯಿಲೆ ಎಂದಾಗ ಆಗದ ಸಂಕಟ ಆಗ ನಮಗಾಯಿತು. ಮಳೆ ಬರುವುದಿಲ್ಲ. ಇಡೀ ಊರು ಕೈ ಮುಗಿದದ್ದು ನಮ್ಮ ಸರ್ ಉಚ್ಚೆಗೆ. ನಗಬೇಕೋ ಅಳಬೇಕೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದೆವು. ಸರ್ ಮುಖದಲ್ಲಿಯೂ ಅದೇ ಇತ್ತು. ಮಳೆಯ ಸುಳ್ಳು ಭರವಸೆಯನ್ನು ತಾವೇ ಕೊಟ್ಟಂತೆ ಅವರು ಕುಗ್ಗಿಹೋಗಿದ್ದರು.

ಅಷ್ಟಕ್ಕೇ ಮುಗಿಯಲಿಲ್ಲ. ಮೇಡಂ ನಮ್ಮ ಕಡೆ ತಿರುಗಿ, "ಹಂಗಾದ್ರ ನಿಮ್ಮ ನಳಿಕಿ ಹ್ಯಾಂಗ ನೀಲಿ ಉಳದ್ವು?" ಎಂದರು. ತೊಟ್ಟಿ ನೋಡಿದರು, ನಮ್ಮನ್ನು ನೋಡಿದರು, ತಿಳಿದುಕೊಂಡರು. "ಎಲ್ಲಾರೂ ಮೊದಲಿಂದ ಮಾಡ್ರಿ. ಈಗ ಖರೆ ಖರೆ."

ಆದರೆ ಬಾಟಲಿ ಖಾಲಿ. ನಾವೇ ಚೆಲ್ಲಿದ್ದೆವಲ್ಲ. ಎಲ್ಲರ ಕಣ್ಣೂ ನಿಧಾನಕ್ಕೆ ಸರ್ ಕಡೆ ಹೊರಳಿದವು. ಸರ್ ಅಷ್ಟೇ ನಿಧಾನಕ್ಕೆ, "ಈಗ ಆಗಲ್ರಿ. ನೀರಿಲ್ಲ ಹೊಟ್ಯಾಗ" ಎಂದರು.

ಮೊದಲು ಎದ್ದವಳು ಪಂಚಶೀಲಾ. ಊರಿನ ಬಾವಿಯ ತಳದಿಂದ ಅಜ್ಜಿ ಗೋರಿ ತುಂಬಿಸಿಕೊಟ್ಟ ನೀರು, ಸಂಜೆಯ ಬಸ್ಸಿನವರೆಗೆ ಅವಳಿಗೆ ಅದೇ. ಬಾಟಲಿಯನ್ನು ಸರ್ ಎದುರಿಗೆ ಹಿಡಿದಳು. "ತಗೋರಿ ಸರ್." ಅವಳ ಹಿಂದೆ ಒಬ್ಬೊಬ್ಬರೇ ಎದ್ದೆವು. ಇಡೀ ವರ್ಷ ಸರ್ ಬಂದರೆ ಬಾಟಲಿಯನ್ನು ಚೀಲದಲ್ಲಿ ಅಡಗಿಸಿದ ನಾವು, ಅಂದು ಸಾಲಿನಲ್ಲಿ ನಿಂತು ಕುಡಿಸಿದೆವು. ಸರ್ ಪ್ರತಿಯೊಬ್ಬರ ಬಾಟಲಿಯಿಂದಲೂ ಗುಟುಕು ಗುಟುಕಾಗಿ, ತುಟಿಗೆ ತಾಗಿಸದೆ ಎತ್ತಿ ಕುಡಿದರು. ಮೇಡಂ ಕೂಡ ತಮ್ಮ ಥರ್ಮಾಸಿನ ನೀರು ಕೊಟ್ಟರು. ಬರದ ವರ್ಷದಲ್ಲಿ ಒಬ್ಬ ಮನುಷ್ಯನ ಮೂತ್ರಕ್ಕಾಗಿ ಒಂದು ತರಗತಿ ತನ್ನ ಕುಡಿಯುವ ನೀರು ಕೊಟ್ಟದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಆಮೇಲೆ ಕಾದೆವು. ಮೇಡಂ ಹೊರಗೆ ನೋಡುತ್ತ ಕೂತರು. ಸರ್ ಸ್ವಲ್ಪ ಹೊತ್ತಿಗೆ ಎದ್ದು ಗೋಡೆಯ ಮರೆಗೆ ಹೋದರು. ಕರವಸ್ತ್ರದಲ್ಲಿ ಬಾಟಲಿ ಮುಚ್ಚಿಕೊಂಡು ಅವರು ಒಳಗೆ ಬಂದಾಗ, ರೂಢಿಯಂತೆ ನಾವೆಲ್ಲ ಎದ್ದು ನಿಂತೆವು. ಸರ್ ಕೂಡ ರೂಢಿಯಂತೆ, "ಕೂಡ್ರಿ" ಎಂದರು.

ಈ ಸಲ ಯಾರೂ ಚೆಲ್ಲಲಿಲ್ಲ. ಸ್ಪಿರಿಟ್ ದೀಪಗಳ ಮೇಲೆ ಒಂದೊಂದೇ ಪ್ರನಾಳ ಹಸಿರಾಗಿ, ಹಳದಿಯಾಗಿ, ಕೆಂಪಾಗತೊಡಗಿತು. ಸರ್ ಬೆಂಚಿನಿಂದ ಬೆಂಚಿಗೆ ಬಂದು, ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು ನೋಡಿ, "ಬರೋಬರ್" ಎಂದರು. ಮುಂದಿನವನಿಗೂ "ಬರೋಬರ್." ಮೊದಲ ಸಲ ಅವರು ನಗುತ್ತ ಹೇಳಿದ್ದರು. ನನ್ನ ಹತ್ತಿರ ಬರುವಷ್ಟರಲ್ಲಿ ಅವರ ದನಿ ಸಣ್ಣಗಾಗಿತ್ತು. ಒಂದು ಪ್ರನಾಳವಾದರೂ ನೀಲಿ ಉಳಿಯಲಿ ಎಂದು ಅವರು ಕಾಯುತ್ತಿದ್ದರು ಎಂದು ನನಗೆ ಹೊಳೆದದ್ದು ಆಗ. ನನ್ನದು ಕೆಂಪಾಗದಿರಲಿ ಎಂದು ನಾನೂ ಬೇಡಿಕೊಂಡೆ. ಅದು ಎಲ್ಲರದಕ್ಕಿಂತ ಕೆಂಪಾಯಿತು. "ಬರೋಬರ್" ಎಂದು ಸರ್ ನನ್ನ ಬೆನ್ನು ತಟ್ಟಿದರು. ನನಗೆ ಅಳು ಬಂತು.

ಪಂಚಶೀಲಾ ಪಾಸಾದಳು. ಫಲಿತಾಂಶ ಬರುವವರೆಗೆ ಹೈದರಾಬಾದಿಗೆ ಹೋಗಿ ಅಪ್ಪ ಅವ್ವನ ಜೊತೆ ಇಟ್ಟಿಗೆಯನ್ನೂ ಹೊತ್ತಳು, ಆಮೇಲೆ ನರ್ಸಿಂಗ್ ಓದಿದಳು. ಈಗ ಅದೇ ಹೈದರಾಬಾದಿನ ಒಂದು ಆಸ್ಪತ್ರೆಯಲ್ಲಿ ದೊಡ್ಡ ನರ್ಸ್, ಡಾಕ್ಟರುಗಳೇ ಹೆದರುತ್ತಾರಂತೆ. ಸರ್ ಬೆರಳು ಉಳಿಯಿತು. ತಡವಾಗಿದ್ದರೆ ಕಾಲೇ ಹೋಗುತ್ತಿತ್ತು ಎಂದು ಬೀದರಿನ ಡಾಕ್ಟರು ಹೇಳಿದರಂತೆ. ಮದ್ದು ಶುರುವಾದ ಮೇಲೆ ಇರುವೆಗಳು ಹೋದವು. ಮುಂದಿನ ವರ್ಷ ಮಳೆ ಬಂತು, ಯಾವ ಇರುವೆಗೂ ಹೇಳದೆ. ನಿವೃತ್ತರಾಗಿ ಚಿಂತಾಕಿಯಲ್ಲಿರುವ ಸರ್‌ರನ್ನು ಒಮ್ಮೆ ಕಂಡಾಗ, ಸಕ್ಕರೆ ಇಲ್ಲದ ಚಹಾ ಹೀರುತ್ತ, "ಆವತ್ತ ಸುಮ್ನ ಇದ್ದಿದ್ರ ಮಾನ ಉಳೀತಿತ್ತು, ಕಾಲು ಹೋಗ್ತಿತ್ತು" ಎಂದರು. ಆಮೇಲೆ ಲೋಟ ಕೆಳಗಿಟ್ಟು, "ಆ ಹುಡುಗಿದು ವರ್ಷನೂ ಹೋಗ್ತಿತ್ತು" ಎಂದರು.

ಲ್ಯಾಬಿನ ಬಾಗಿಲು ಮತ್ತೆ ತೆರೆಯಿತು. ಬಿಳಿ ಕೋಟಿನ ಹುಡುಗಿ ಅದೇ ಬಾಟಲಿ ಎತ್ತಿ ಹಿಡಿದಿದ್ದಳು. "ಕಡೀ ಸಲ ಕೇಳ್ತೀನ್ರಿ. ಯಾರದಿದು? ಇಲ್ಲಂದ್ರ ಚೆಲ್ತೀನಿ."

ಎಲ್ಲರೂ ಗೋಡೆ ನೋಡಿದರು. ನಾನು ಎದ್ದು ನಿಂತೆ.

"ಬಾಟಲಿ ನಿಮ್ದು ರೀ," ಎಂದೆ. "ಒಳಗಿಂದು ನಂದು."

ಕುರ್ಚಿಗಳ ಸಾಲಿನಲ್ಲಿ ನಗು ಎದ್ದಿತು. ಹುಡುಗಿ ನಗಲಿಲ್ಲ. ಬಾಟಲಿಯನ್ನು ಅಲ್ಲಾಡಿಸಿ ನೋಡಿ, "ಇಷ್ಟಕ್ಕ ಆಗಲ್ರಿ, ಇನ್ನಷ್ಟು ಬೇಕು" ಎಂದು ಖಾಲಿ ಬಾಟಲಿಯೊಂದನ್ನು ನನ್ನ ಕೈಗಿಟ್ಟು ಹೋದಳು. ನಾನು ಅದನ್ನು ಹಿಡಿದು ನಿಂತಿದ್ದೆ. ರುಮಾಲಿನ ಮುದುಕರು ಚಪ್ಪಲಿಯಿಂದ ಕಣ್ಣೆತ್ತಿ ನನ್ನನ್ನು ನೋಡಿದರು. ಆಮೇಲೆ ಕೈಚೀಲದಿಂದ ತಮ್ಮ ನೀರಿನ ಬಾಟಲಿ ತೆಗೆದು, ಮುಚ್ಚಳ ತಿರುಗಿಸಿ, ನನ್ನ ಕಡೆ ಚಾಚಿದರು.

"ಕುಡೀರಿ," ಎಂದರು. "ನಾಚಬ್ಯಾಡ್ರಿ."